ಹಳೇ ಮಾರ್ಕೆಟ್ಟಿನ ಯಜಮಾನರು

ಅವರ ದಪ್ಪನೆಯ ಬಿಳಿ ಹುಬ್ಬುಗಳು ಮಧ್ಯಾಹ್ನದ ಹೊತ್ತಿಗೆ ಅರಿಸಿನದ ಬಣ್ಣಕ್ಕೆ ತಿರುಗಿರುತ್ತಿದ್ದವು. ಅರಿಸಿನ ಪುಡಿ ಕಟ್ಟಿಕೊಟ್ಟ ಕೈಯಲ್ಲೇ ಹಣೆಯ ಬೆವರು ಒರೆಸಿಕೊಳ್ಳುವುದು ಅವರ ಅಭ್ಯಾಸ. ಅದನ್ನು ನೋಡಿ ಯಾರಾದರೂ ನಕ್ಕರೆ, ಏಕೆಂದು ತಿಳಿಯದೆ ತಾವೂ ನಗುತ್ತಿದ್ದರು.

ಮೂಡಿಗೆರೆ ಕಡೆಯ ನಮ್ಮ ಪೇಟೆಯ ಹಳೇ ಮಾರ್ಕೆಟ್ಟಿನ ಬಾಗಿಲ ಪಕ್ಕದಲ್ಲೇ ಅವರ ದಿನಸಿ ಅಂಗಡಿ. ಎಲ್ಲರ ಬಾಯಲ್ಲೂ ಅವರು ಯಜಮಾನ್ರು. ನಾನು ಹತ್ತಿರದ ಜಾವಳಿ ಹಳ್ಳಿಯಿಂದ ಸೊಪ್ಪು ತಂದು ಮಾರುವವಳು. ಕಾಳುಮೆಣಸು ಕೊಯ್ಯುವಾಗ ಮರದಿಂದ ಬಿದ್ದು ನನ್ನ ಗಂಡ ಹಾಸಿಗೆ ಹಿಡಿದ ವರ್ಷ, ಮೊದಲ ಸಲ ಬುಟ್ಟಿ ಹೊತ್ತು ಬಂದವಳು ಒಳಗೆ ಹೋಗಲು ಹೆದರಿ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದೆ. ಜಿಟಿಜಿಟಿ ಮಳೆ.

"ಅಲ್ಲಿ ಎಂಥಕ್ಕೆ ಕೂತಿದ್ದೀಯಮ್ಮ? ಒಳಗೆ ಕಟ್ಟೆ ಇದೆಯಲ್ಲ" ಎಂದರು.

"ಅದು ಯಾರ ಜಾಗ ಅಂತ ಗೊತ್ತಿಲ್ಲ."

"ಮೊದ್ಲು ಬಂದವ್ರ ಜಾಗ. ಬಾ, ಸೊಪ್ಪು ಕೊಳೀತದೆ."

ಹಾಗೆ ಅವರ ಅಂಗಡಿಯೆದುರಿನ ಕಲ್ಲುಕಟ್ಟೆ ನನ್ನದಾಯಿತು. ಹಾಗೆಂದು ಅವರು ಮೆದು ಸ್ವಭಾವದವರೇನಲ್ಲ. ದಂಟಿನ ತುಂಡು ಅವರ ಹೊಸ್ತಿಲ ಕಡೆ ಉರುಳಿದರೆ ಗಂಟಲು ಸರಿಮಾಡಿಕೊಳ್ಳುವರು. ಆಗಲೂ ಎತ್ತದಿದ್ದರೆ ಬೈಗುಳ. ಆದರೆ ಮಳೆಗಾಲದಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ, ಗಾಜಿನ ಹೆಂಚಿನಿಂದ ಮಬ್ಬು ಬೆಳಕು ಇಳಿಯುವಾಗ, ಅವರ ಕತೆ ಕೇಳಬೇಕು. ಮಾರ್ಕೆಟ್ಟಿನ ಮತ್ತಿಮರದ ಕಂಬಗಳು ಎತ್ತಿನ ಗಾಡಿಯಲ್ಲಿ ಬಂದದ್ದು, ಕಳಸದಿಂದ ಏಲಕ್ಕಿ ತಂದವರು ಹೊಳೆ ಉಕ್ಕಿ ದಾರಿ ಕಟ್ಟಿದಾಗ ವಾರಗಟ್ಟಲೆ ಇಲ್ಲೇ ಅಡುಗೆ ಮಾಡಿಕೊಂಡು ಉಳಿದದ್ದು, ಮಗುವಾಗಿದ್ದ ತಮ್ಮನ್ನು ಅಜ್ಜ ಗೋಣಿಯ ಮೇಲೆ ಮಲಗಿಸಿ ವ್ಯಾಪಾರ ಮಾಡಿದ್ದು. ಕೇಳುತ್ತಾ ನಾನು ಸೊಪ್ಪಿಗೆ ನೀರು ಚಿಮುಕಿಸುವುದನ್ನೂ ಮರೆಯುತ್ತಿದ್ದೆ.

ಅಂಥವರೇ ಆ ಕಟ್ಟಡ ಕೆಡವಲು ಮೊದಮೊದಲು ಒಪ್ಪಿಬಿಟ್ಟರು. ಅದರ ಜಾಗದಲ್ಲಿ ಪಂಚಾಯ್ತಿಯವರು ಶೆಟರ್ ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟುವ ಮಾತು ಬಂದಿತ್ತು. ಅವರಿಗೆ ಮುಂಭಾಗದ ದೊಡ್ಡ ಮಳಿಗೆ ನಿಗದಿಯಾಗಿತ್ತು. "ವರ್ಷಾ ವರ್ಷಾ ಹೆಂಚು ಕೈಯಾಡಿಸಿ, ಒಡೆದದ್ದು ಬದಲಾಯ್ಸಿ ಸಾಕಾಯ್ತು ಮಾರಾಯ್ತಿ. ನನ್ನ ಮಗನಾದ್ರೂ ಸೋರದ ಅಂಗಡೀಲಿ ಕೂರ್ಲಿ" ಎಂದರು. ಅದೂ ನ್ಯಾಯದ ಮಾತೇ.

ಒಂದು ದಿನ ಹೊಸ ಕಟ್ಟಡದ ನಕ್ಷೆಯನ್ನು ಬೇಳೆ ಮೂಟೆಯ ಮೇಲೆ ಹರಡಿ ನಮಗೆಲ್ಲ ತೋರಿಸುತ್ತಿದ್ದರು. ಬಾಳೂರಿನಿಂದ ಸೊಪ್ಪು ತರುವ ಹೆಂಗಸರೂ ಇದ್ದರು. ನಾನು ಕೇಳಿದೆ: "ಯಜಮಾನ್ರೇ, ಇದ್ರಲ್ಲಿ ನಾವು ಕೂರೋದು ಎಲ್ಲಿ?"

"ಇಲ್ಲೇ ಎಲ್ಲೋ ಇರ್ಬೇಕು" ಎನ್ನುತ್ತಾ ಬೆರಳಾಡಿಸಿದರು. ಮಳಿಗೆ, ಮೆಟ್ಟಿಲು, ವಾಹನ ನಿಲ್ಲಿಸುವ ಜಾಗ ಎಲ್ಲ ಇತ್ತು. ಕಟ್ಟೆ ಇರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹುಡುಕಿದರು. ಆಮೇಲೆ ನಕ್ಷೆ ಸುತ್ತಿಟ್ಟರು. ಆ ವಾರವಿಡೀ ನನ್ನನ್ನು ಬೈಯಲೂ ಇಲ್ಲ.

ಹೊಸ ಕಟ್ಟಡದ ಬಗ್ಗೆ ಮುಂದಿನ ಸಭೆ ಮಾರ್ಕೆಟ್ಟಿನೊಳಗೇ ನಡೆಯಿತು. ಅಂಗಡಿಯವರೆಲ್ಲ ಸೇರಿದ್ದರು. ಯಜಮಾನರು ಎದ್ದು, "ನಾನು ಪೂರ್ತಿ ನೋಡದೆ ಒಪ್ಪಿದ್ದೆ. ಈಗ ನನ್ನ ಒಪ್ಪಿಗೆ ಇಲ್ಲ" ಎಂದರು. ಜೊತೆಯಲ್ಲೇ ವ್ಯಾಪಾರ ಮಾಡುತ್ತಿದ್ದ ಮಗ ಎಲ್ಲರೆದುರು ಕೇಳಿದ: "ಅಪ್ಪ, ಇದ್ರಲ್ಲಿ ನಮಗೇನು ನಷ್ಟ?"

"ನಮಗೆ ನಷ್ಟ ಇಲ್ಲ ಮಗ. ಅದಕ್ಕೇ ನಾವೇ ಹೇಳ್ಬೇಕು."

ಮಗ ಅಪ್ಪನ ಜೊತೆ ಮಾತು ಬಿಟ್ಟ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಬೇರೆ ಅಂಗಡಿ ಮಾಡಿದ. ಎಷ್ಟೋ ವರ್ಷ ಒಟ್ಟಿಗೆ ಚಹಾ ಕುಡಿದವರು ಯಜಮಾನರನ್ನು ಕಂಡರೆ ಮುಖ ತಿರುಗಿಸಿದರು. ಅವರು ಮಾತ್ರ ಕೊಡೆ ಹಿಡಿದು, ಒಪ್ಪಿಸಲು ಅಂಗಡಿಯವರೊಬ್ಬೊಬ್ಬರ ಮನೆಗೂ ಹೋದರು. ಪಂಚಾಯ್ತಿ ಕಚೇರಿಗೆ ಹೋಗುವಾಗ ನಮ್ಮನ್ನೂ ಕರೆದೊಯ್ದು, "ನಾನಲ್ಲ, ಇವ್ರು ಹೇಳ್ತಾರೆ, ಕೇಳಿ" ಎಂದು ಹಿಂದೆ ಸರಿದು ನಿಂತರು. ನಾನು ಮುಂದೆ ಬಂದೆ. ನಕ್ಷೆಯಲ್ಲಿ ನಮ್ಮ ಕಟ್ಟೆ ಇಲ್ಲ ಎಂದು ಹೇಳಿದೆ.

ಓಡಾಟದಲ್ಲಿ ಎರಡು ಮಳೆಗಾಲ ಕಳೆದ ಮೇಲೆ ಮಾರ್ಕೆಟ್ಟಿನ ಹಿತ್ತಲಿನ ಖಾಲಿ ಜಾಗದಲ್ಲಿ ಹೊಸ ಮಳಿಗೆಗಳು ಎದ್ದವು. ಹಳೇ ಕಟ್ಟಡ ಉಳಿಯಿತು. ಹೆಂಚಿನಡಿಯ ಗೆದ್ದಲು ಹಿಡಿದ ಪಕಾಸಿ ಮರ ತೆಗೆದು ಹೊಸದು ಹಾಕಿ, ಕಂಬಗಳಿಗೆ ಎಣ್ಣೆ ಬಳಿದು, ಹೆಂಚು ಹೊದಿಸಿದರು. ರಿಪೇರಿ ಮುಗಿದು ಕಟ್ಟೆಗೆ ವಾಪಸು ಬಂದ ದಿನ ನಾನು ಕೈ ಮುಗಿದೆ.

"ನಂಗೆ ಎಂಥಕ್ಕಮ್ಮ? ನೀನು ಕೇಳದೆ ಇದ್ದಿದ್ರೆ ನಾನು ನೋಡ್ತಾನೇ ಇರ್ಲಿಲ್ಲ" ಎಂದು ತಕ್ಕಡಿ ಒರೆಸತೊಡಗಿದರು.

ಮುಂದಿನ ಆಷಾಢದಲ್ಲಿ ಅವರು ತೀರಿಕೊಂಡರು. ಮಾರ್ಕೆಟ್ ಮುಚ್ಚಿ ನಾವೆಲ್ಲ ಅವರ ಮನೆಗೆ ಹೋದೆವು. ಮುಖ ತಿರುಗಿಸಿದ್ದವರಲ್ಲಿ ಕೆಲವರು ಬಂದರು, ಎಲ್ಲರೂ ಬರಲಿಲ್ಲ. ಮಗ ಗೋಡೆಗೆ ಒರಗಿ ನಿಂತಿದ್ದ.

ಕೆಲವು ತಿಂಗಳ ನಂತರ ಒಂದು ಸಂಜೆ ಆತ ನನ್ನ ಕಟ್ಟೆಯ ಮುಂದೆ ಬಂದು ನಿಂತ. ತಲೆಯೆತ್ತಿ ಹೆಂಚಿನ ಮಾಡನ್ನು ನೋಡಿದ. ಕಂಬಗಳನ್ನು ನೋಡಿದ. ಆಮೇಲೆ ಕೇಳಿದ: "ಅಕ್ಕ, ಅಪ್ಪ ನಿಮ್ಮ ಹತ್ರ ಯಾವ ಸೊಪ್ಪು ತಗೊಳ್ತಿದ್ರು?"

"ಬಸಳೆ."

"ಅದನ್ನೇ ಕೊಡಿ" ಎಂದು ಚೀಲ ಬಿಡಿಸಿ ಹಿಡಿದ.