ಕೂಸಿನ ಕತ್ತು ಮುಟ್ಟುತ್ತಿದ್ದ ನರ್ಸಮ್ಮ

1999ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು ನಾನು. ಬಾಣಂತಿಯ ಮನೆಗೆ ಬಂದರೆ ನಮ್ಮೂರ ನರ್ಸಮ್ಮನದು ಒಂದೇ ಮಾತು: "ಮೊದ್ಲು ಕೂಸಿನ ಕತ್ತು ಮುಟ್ರಿ."

ಕೂಡ್ಲಿಗಿಯ ಕಡುಬೇಸಿಗೆಯಲ್ಲಿ ಮಗಳು ಹುಟ್ಟಿದಾಗ, ಮನೆತನದ ವಾಡಿಕೆಯಂತೆ ಕುಲಾವಿ ಹಾಕಿ, ನಮ್ಮದೇ ಉಣ್ಣೆಯ ಕಂಬಳಿ ಸುತ್ತಿ, ತಾಯಿಯ ಮಗ್ಗುಲಿಗೆ ಒತ್ತಿ ಮಲಗಿಸಿದ್ದೆವು. ಕೂಸು ಮೈ ಕಾದು, ಹಾಲು ಕುಡಿಯದಾಯಿತು.

ನರ್ಸಮ್ಮ ಬಂದು ಕತ್ತು ಮುಟ್ಟಿ ಮೈ ಕಾವು ನೋಡಿದರು. "ಕುರಿಮರೀನ ಹಿಂಗ ಸುತ್ತಿ ಮಲಗಿಸ್ತೀಯೇನಪ?"

"ಇಲ್ರಿ, ಬ್ಯಾಸಿಗ್ಯಾಗ ಸತ್ತೇ ಹೋಗತೈತಿ."

"ಮತ್ತ ಮಗಳೇನು ಪಾಪ ಮಾಡ್ಯಾಳ? ಆಟೋ ಕರಸು, ಕಾವು ಇಳೀದಿದ್ರ ದವಾಖಾನಿಗೆ ಹೋಗೂನು."

ಕಂಬಳಿ, ಕುಲಾವಿ ತೆಗೆದು, ತೆಳು ಅರಿವೆಯಲ್ಲಿ ತಾಯಿಯಿಂದ ಬೇರೆಯಾಗಿ ಅಂಗಾತ ಮಲಗಿಸಿ, ಪಕ್ಕದಲ್ಲೇ ಕುಳಿತರು. ಕಾವಿಳಿದು ಕೂಸು ಹಾಲಿಗೆ ಬಾಯಿ ತೆರೆಯಿತು.

"ಆಟೋ ವಾಪಸ್ ಕಳಸಪ" ಎಂದು ನಕ್ಕರು.

ಈಗ ನನಗೆ ಅರವತ್ತು ಕುರಿ, ಎರಡು ಕೋಣೆಯ ಮನೆ, ಏಳನೇ ತರಗತಿ ದಾಟಿದ ಒಬ್ಬಳು ಮಗಳು.