ಕಾಕಾ ನೋಡದೆ ಹೋದ ಗೋದಾಮು

ಹತ್ತಿ ಗೋದಾಮಿನ ಬಾಗಿಲು ತೆರೆದು, "ಒಳಗ ಬಂದು ನೋಡ್ರಿ ಕಾಕಾ" ಎಂದೆ. ಯರಗುಪ್ಪಿಯ ಚನ್ನಪ್ಪಕಾಕಾ ಹೊಸ್ತಿಲಲ್ಲೇ ನಿಂತರು.

"ನೀ ಹೇಳಿದ ಮ್ಯಾಲ ನೋಡೂದೇನೈತೋ? ಸುಮ್ನ ಧೋತರಕ್ಕೆಲ್ಲಾ ಹತ್ತಿ ಮೆತ್ಕೊಂತೈತಿ" ಎಂದು ನಕ್ಕರು.

ಎಂಬತ್ತರ ದಶಕದಲ್ಲಿ ನಾನು ಅಣ್ಣಿಗೇರಿಯ ಒಂದು ಹತ್ತಿ ಕಂಪನಿಯ ಗುಮಾಸ್ತ. ಸುಗ್ಗಿಯಲ್ಲಿ ಹತ್ತಿ ಕೊಳ್ಳಲು ಮಾಲಕರು ಮೂರು ತಿಂಗಳಲ್ಲಿ ತೀರಿಸುವುದಾಗಿ ಹುಂಡಿಪತ್ರ ಬರೆದುಕೊಟ್ಟು ಸುತ್ತಲಿನವರಿಂದ ಹಣ ಎತ್ತುತ್ತಿದ್ದರು. ಅದಕ್ಕೆ ಒತ್ತೆಯೇನೂ ಇರಲಿಲ್ಲ. ಹಣ ಕೊಡುವವರು ಗೋದಾಮು ನೋಡಿ ಧೈರ್ಯ ತಂದುಕೊಳ್ಳುವುದು ರೂಢಿ. ಆ ವರ್ಷ ಗೋದಾಮು ಬಹುತೇಕ ಬರಿದಾಗಿತ್ತು. ಮಾಲಕರು ಹೇಳಿದರೆಂದು, ಉಳಿದಿದ್ದ ಹತ್ತಿಯ ಅಂಡಿಗೆ ಮೂಟೆಗಳನ್ನು ಬಾಗಿಲಿನ ಎದುರಿಗೇ ಅಡ್ಡಲಾಗಿ, ಸೂರು ಮುಟ್ಟುವ ಗೋಡೆಯಂತೆ ಒಟ್ಟಿಸಿದವನು ನಾನು. ಹಿಂದೆ ಬರೀ ನೆಲ. ಕಾಕಾ ಹಿಟ್ಟಿನ ಗಿರಣಿ ಹಾಕಲು ಕೂಡಿಟ್ಟಿದ್ದ ಹಣ ಕೊಟ್ಟು, ಹುಂಡಿಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು ಹೋದರು. ನಾನು ಗೋದಾಮಿಗೆ ಬೀಗ ಹಾಕಿದೆ.

ಅವಧಿ ಮುಗಿಯುವ ಮೊದಲೇ ಕಂಪನಿ ಮುಳುಗಿತು. ಮುಂದೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಕಾಕಾ ನನ್ನನ್ನು ಬೈಯಲಿಲ್ಲ.

"ತಪ್ಪು ನಂದ ಐತಿ ಬಿಡೋ. ಅವತ್ತ ಒಳಗ ಹೋಗಿ ನೋಡಬೇಕಿತ್ತು."

"ನೋಡಿದ್ರೂ ಗೊತ್ತಾಗ್ತಿರಲಿಲ್ರಿ" ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಬಸ್ಸು ಬಂದಾಗ ಕಾಕಾ ಎದ್ದು, "ಇಷ್ಟ ದಿನ ನನಗ ನಾನ ಬೈಕೊಂತಿದ್ದೆ. ಅದ ಚಲೋ ಇತ್ತು" ಎಂದು ಬಸ್ಸೇರಿದರು.

ಈಗಲೂ ಯಾರಾದರೂ ನನ್ನ ಮಾತು ನಂಬಿದರೆ ಅಳುಕಾಗುತ್ತದೆ. ನೀವೇ ಬಂದು ನೋಡಿಕೊಳ್ಳಿ ಎನ್ನೋಣವೆಂದರೆ, ಅಂದು ನಾನು ಹೇಳಿದ್ದೂ ಅದೇ ಮಾತು.