ತವರಿನ ಹಿತ್ತಲಲ್ಲಿ ದೋಣಿ ಇಟ್ಟದ್ದು

ಹಿನ್ನೀರಿನ ಕಡೆಯ ಹೋಂಸ್ಟೇ ಒಂದು ಬಾಗಿಲು ಹಾಕುವಾಗ ಸಾಮಾನುಗಳನ್ನೆಲ್ಲ ಮಾರುತ್ತಿದ್ದರು. ಅಲ್ಲಿಂದ ನಾನು ಒಂದು ಕಯಾಕ್ ತಂದೆ. ಒಬ್ಬರೇ ಕೂತು ಹುಟ್ಟು ಹಾಕುವ, ಮೀನು ಹಿಡಿಯುವವರಿಗೆಂದೇ ಮಾಡಿದ ಉದ್ದನೆಯ ಪ್ಲಾಸ್ಟಿಕ್ ದೋಣಿ. ಶಿಕಾರಿಪುರದಲ್ಲಿ ನಾವಿರುವುದು ಮಹಡಿಯ ಮೇಲಿನ ಬಾಡಿಗೆ ಮನೆ. ಬಟ್ಟೆ ಒಣಗಿಸುವುದಕ್ಕೂ ಅಲ್ಲಿ ಸರದಿ ಕಾಯಬೇಕು. ಹಾಗಾಗಿ ದೋಣಿ ನೇರ ತವರಿಗೆ ಹೋಯಿತು. ತವರು ಸೊರಬ ತಾಲ್ಲೂಕಿನಲ್ಲಿ, ಕುಬಟೂರಿನ ಹತ್ತಿರ. ಹಿತ್ತಲು ದಾಟಿದರೆ ಕೆರೆ.

ನನಗೆ ಗಾಳ ಹಾಕುವುದನ್ನು ಕಲಿಸಿದ್ದು ಅಪ್ಪ. ಅಣ್ಣನಿಗೆ ನೀರೆಂದರೆ ಆಗದು. ಅಪ್ಪನ ಜೊತೆ ದಂಡೆಯಲ್ಲಿ ಕೂರುತ್ತಿದ್ದವಳು ನಾನೇ. ಟೆಂಪೋದಿಂದ ಇಳಿಸಿದ ದೋಣಿಯನ್ನು ಅಪ್ಪ ಸುತ್ತು ಹಾಕಿ ನೋಡಿ, ಎಮ್ಮೆಗೆ ನೀರು ಕುಡಿಸುವ ಬಾನಿಯ ಹಾಗಿದೆ ಎಂದು ನಕ್ಕರು. ಆದರೆ ಅದನ್ನು ಕಾಪಾಡಿದ್ದು ಅವರೇ. ಮೊದಲ ಬೇಸಿಗೆಯಲ್ಲಿ ನೆಲದ ಮೇಲೆ ಹಾಗೇ ಬಿಟ್ಟಿದ್ದಕ್ಕೆ, ಕಲ್ಲೊಂದು ಒತ್ತಿ ತಳ ತಗ್ಗಾಗಿತ್ತು. ಅಪ್ಪ ಹಂಡೆಯ ಬಿಸಿನೀರು ಸುರಿದು ಒಳಗಿನಿಂದ ಕೈಯಲ್ಲಿ ಒತ್ತಿ ಸರಿ ಮಾಡಿದರು. ಆಮೇಲೆ ಎರಡು ಅಡ್ಡ ಮರಗಳ ಮೇಲೆ ಬೋರಲು ಹಾಕಿದರು, ಮಳೆಗಾಲದಲ್ಲಿ ಒಳಗೆ ನೀರು ನಿಲ್ಲದಂತೆ. ಟಾರ್ಪಾಲು ನೇರ ಹೊದಿಸಿದರೆ ಅಡಿಯಲ್ಲಿ ಬೇಯುತ್ತದೆಂದು ತೆಂಗಿನ ಗರಿಯ ಚಪ್ಪರ ಎತ್ತಿದರು. ಕಣಜ ಗೂಡು ಕಟ್ಟದಂತೆ ತೂತುಗಳಿಗೆ ಬಟ್ಟೆ ತುರುಕಿದರು. ಕೊನೆಗೆ ದೋಣಿಗೆ ಸರಪಳಿ ಪೋಣಿಸಿ ಹೊಂಗೆ ಮರಕ್ಕೆ ಬಿಗಿದು ಬೀಗ ಹಾಕಿದರು. ಒಂದು ಕೀಲಿ ಅವರ ಉಡಿದಾರದಲ್ಲಿ, ಇನ್ನೊಂದು ನನ್ನ ಪರ್ಸಿನಲ್ಲಿ.

ಭಾನುವಾರ ಸ್ಕೂಟರಿನಲ್ಲಿ ಶಿರಾಳಕೊಪ್ಪದ ಮೇಲೆ ಬಂದು, ಬೆಳಗ್ಗೆಯೆಲ್ಲ ಕೆರೆಯ ನಡುವೆ ಇದ್ದು, ಕಾಟ್ಲಾ ಮೀನು ಸಿಕ್ಕಿದರೆ ಅತ್ತಿಗೆಯ ಕೈಗೆ ಕೊಟ್ಟು, ಉಂಡು ವಾಪಸಾಗುತ್ತಿದ್ದೆ. ಕಾಲೇಜಿನ ಲ್ಯಾಬಿನಲ್ಲಿ ವಾರವಿಡೀ ಗಾಜಿನ ಸಾಮಾನು ತೊಳೆದಿಡುವ ನನಗೆ ಅದೊಂದೇ ಹೊತ್ತು ನನ್ನದು ಅನ್ನಿಸುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ, ವರ್ಷ ತುಂಬುವ ಮೊದಲೇ ಅಣ್ಣ ಹೊಂಗೆ ಮರ ಕಡಿಸಿದ. ಟ್ರ್ಯಾಕ್ಟರ್ ಹಿತ್ತಲಿಗೆ ತಿರುಗಲು ಜಾಗ ಬೇಕಿತ್ತಂತೆ. ಚಪ್ಪರವೂ ಹೋಗಿತ್ತು. ನಾನು ಬಂದಾಗ ದೋಣಿ ಬಿಸಿಲಲ್ಲಿ ಅಂಗಾತ ಬಿದ್ದಿತ್ತು, ಒಳಗೆ ಮೆಕ್ಕೆಜೋಳದ ದಂಟು ತುಂಬಿದ್ದರು. ಸರಪಳಿ ಪಕ್ಕದಲ್ಲಿತ್ತು. ಅಣ್ಣನನ್ನು ನಾನು ಏನೂ ಕೇಳಲಿಲ್ಲ. ಗೋಡೆಯ ಬದಿಗೆ, ಯಾರ ದಾರಿಗೂ ಅಡ್ಡವಾಗದ ಕಡೆ, ಗಾರೆಯವನನ್ನು ಕರೆಸಿ, ಸರಪಳಿಗೆಂದು ಕಬ್ಬಿಣದ ಬಳೆ ಕೂರಿಸಿದ ಎರಡು ಗಿಡ್ಡ ಸಿಮೆಂಟ್ ಕಂಬ ಹುಗಿಸಿದೆ. ದೋಣಿಯನ್ನು ಬೋರಲು ಹಾಕಿ ಸರಪಳಿ ಬಿಗಿದೆ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದರು. ಅಣ್ಣ ಗಾರೆಯವನಿಗೂ ನನಗೂ ಚಹಾ ತಂದುಕೊಟ್ಟ.

ಮುಂದಿನ ಭಾನುವಾರ ಕಂಬಗಳು ಇರಲಿಲ್ಲ. ಅವು ಇದ್ದ ಕಡೆ ಹೊಸ ಮಣ್ಣು ಮುಚ್ಚಿತ್ತು. ದೋಣಿಯನ್ನು ಕೆರೆಯ ದಂಡೆಗೆ ಎಳೆದುಹಾಕಿದ್ದರು. ಅಣ್ಣ ಜಗುಲಿಯಲ್ಲಿ ಕೂತಿದ್ದ.

“ಕಂಬ ಹುಗ್ಸಕ್ಕೆ ಮುಂಚೆ ನನ್ನ ಒಂದು ಮಾತು ಕೇಳ್ಬೇಕಿತ್ತು ನೀನು” ಅಂದ.

“ದೋಣಿ ಕಟ್ಟಕ್ಕೆ ಹುಗ್ಸಿದ್ದು ಅಣ್ಣ. ಬೇರೆ ಯಂತಕ್ಕೆ?”

“ಇವತ್ತು ದೋಣಿಗೆ ಎರಡು ಕಂಬ. ನಾಳೆ ಸುತ್ತ ಬೇಲಿ. ಆಮೇಲೆ ಇಷ್ಟು ನನ್ನ ಪಾಲು ಅಂತೀಯ. ನಂಗೆ ಗೊತ್ತಾಗಲ್ಲ ಅನ್ಕಂಡಿದೀಯ?”

ಅಪ್ಪನ ಜಮೀನಿನ ಖಾತೆ ಬದಲಾವಣೆಗೆ ಅವನು ಓಡಾಡುತ್ತಿದ್ದ ಸಂಗತಿ ನನಗೆ ತಿಳಿದಿತ್ತು. ನನ್ನ ಸಹಿ ಬೇಕೆಂದು ಒಮ್ಮೆ ಫೋನಿನಲ್ಲಿ ಹೇಳಿದ್ದ, ನೋಡೋಣ ಎಂದಿದ್ದೆ. ಆ ನೋಡೋಣ ಅವನ ಹೊಟ್ಟೆಯಲ್ಲಿ ಇಷ್ಟು ದಿನ ಏನೇನಾಗಿ ಬೆಳೆದಿತ್ತೋ. ಪಾಲಿನ ವಿಚಾರ ಅಲ್ಲಿಯವರೆಗೆ ನನ್ನ ತಲೆಗೆ ಬಂದೇ ಇರಲಿಲ್ಲ. ಆ ಜಗುಲಿಯ ಮುಂದೆ ನಿಂತಾಗ ಮೊದಲ ಸಲ ಬಂತು. ಹುಟ್ಟಿ ಬೆಳೆದ ಮನೆಯ ಹಿತ್ತಲಲ್ಲಿ ಎರಡು ಗಿಡ್ಡ ಕಂಬಕ್ಕೂ ನನಗೆ ಅಧಿಕಾರ ಇಲ್ಲವೇ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅತ್ತಿಗೆ ಒಳಗಿನಿಂದ ಊಟಕ್ಕೆ ಕರೆದರು. ನಾನು ಹೋಗಲಿಲ್ಲ.

ದೋಣಿಯನ್ನು ಅಂದೇ ಸಾಗಿಸಲು ಗಾಡಿ ಇರಲಿಲ್ಲ, ಶಿಕಾರಿಪುರದಲ್ಲಿ ಇಡಲು ಜಾಗವೂ ಇರಲಿಲ್ಲ. ದಂಡೆಯಲ್ಲಿ ಗಟ್ಟಿ ಮರ ಯಾವುದೂ ಇಲ್ಲದ್ದಕ್ಕೆ ಪೊದೆಯೊಂದರ ಬುಡಕ್ಕೆ ಸರಪಳಿ ಸುತ್ತಿದೆ. ಬೇರೆ ಕಡೆ ಗೊತ್ತು ಮಾಡುವವರೆಗೆ, ಮಳೆ ಜೋರಾದರೆ ಸ್ವಲ್ಪ ಮೇಲಕ್ಕೆ ಎಳೆಸು ಎಂದು ಅಣ್ಣನಿಗೆ ಹೇಳಿದೆ. ನೋಡಾಣ ಅಂದ.

ಆ ವಾರ ಬಿಡದೆ ಸುರಿಯಿತು. ಕೆರೆ ಕೋಡಿ ಬಿತ್ತು. ದೋಣಿ ಹೋದದ್ದನ್ನು ನನಗೆ ತಿಳಿಸಿದ್ದು ಪಕ್ಕದ ಮನೆಯವರು. ನಾನೂ ನನ್ನ ಗಂಡನೂ ಹೋಗಿ ನೋಡಿದೆವು. ನೀರು ಏರಿ, ಪೊದೆ ಬೇರು ಸಮೇತ ಕಿತ್ತುಬಂದು, ದೋಣಿ ಕೋಡಿಯ ಮೇಲಿಂದ ಕೆಳಗಿನ ಬಂಡೆಗಳಿಗೆ ಬಿದ್ದಿತ್ತು. ಮೂತಿಯಿಂದ ಸೀಟಿನವರೆಗೆ ಸೀಳಿತ್ತು. ನಾನು ಅದನ್ನು ಕಟ್ಟಿದ್ದ ಪೊದೆ ಹಿತ್ತಲ ಬಾಗಿಲು ತೆರೆದರೆ ಕಾಣುವ ಜಾಗದಲ್ಲೇ ಇತ್ತು. ನೀರು ದಿನ ದಿನ ಏರುವುದನ್ನು ಆ ಮನೆಯವರೆಲ್ಲ ನೋಡಿರಲೇಬೇಕು. ನನ್ನ ಗಂಡ ಅಣ್ಣನ ಹತ್ತಿರ ಮಾತಾಡುತ್ತೇನೆ ಎಂದು ಹೊರಟರು. ಬೇಡ ಎಂದು ತಡೆದೆ. ಬಿರುಕು ಬಿಟ್ಟ ಪ್ಲಾಸ್ಟಿಕ್ಕನ್ನು ಅಲ್ಲೇ ಬಿಟ್ಟು ಬಂದೆವು.

ಪಾಲು ಬಿಟ್ಟು ಸಹಿ ಹಾಕಿಕೊಡುತ್ತೇನೆ ಎಂದು ನಾನೇ ಅಣ್ಣನಿಗೆ ಫೋನು ಮಾಡಿದೆ. ಪಾಲು ಬಿಡಬೇಡ, ಕೋರ್ಟಿಗೆ ಹೋಗೋಣ ಎಂದು ಗಂಡ ಹೇಳಿದ್ದರು. ಕಾನೂನು ನನ್ನ ಕಡೆಗಿತ್ತು. ಆದರೆ ವರ್ಷಗಟ್ಟಲೆ ಆ ಜಗುಲಿಯ ಮುಂದೆ ನಿಲ್ಲುವ ಶಕ್ತಿ ನನ್ನಲ್ಲಿರಲಿಲ್ಲ. ದೊಡ್ಡ ಮನಸ್ಸು ಎಂದು ನೆಂಟರು ಹೊಗಳಿದರು. ದೊಡ್ಡತನ ಏನೂ ಇರಲಿಲ್ಲ ಅದರಲ್ಲಿ, ಬರೀ ಹೇಸಿಗೆ.

ಸೊರಬದ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೋ, ಸಹಿ ಎಲ್ಲ ಮುಗಿದ ಮೇಲೆ ಅಣ್ಣ ಹೋಟೆಲಿಗೆ ಕರೆದುಕೊಂಡು ಹೋದ. ಅಪ್ಪ ಹೋದಮೇಲೆ ಅವನ ಮುಖ ಅಷ್ಟು ಹಗುರವಾದದ್ದನ್ನು ನಾನು ನೋಡಿರಲಿಲ್ಲ. ನನ್ನ ಎಲೆಗೆ ತಾನೇ ಪಲ್ಯ ಬಡಿಸಿದ.

“ಇನ್ನೊಂದು ದೋಣಿ ತಗೋ ಬೇಕಾದ್ರೆ” ಅಂದ. “ಹಿತ್ತಲಲ್ಲಿ ಎಲ್ಲಿ ಬೇಕಾದ್ರೂ ಇಟ್ಕ. ಶೆಡ್ಡೇ ಹಾಕಿಸ್ಕೊಡ್ತೀನಿ. ನಿನ್ನ ಮನೆ ಅಲ್ವ ಅದು?”

ಅವನು ಅದನ್ನು ಮನಸಾರೆ ಹೇಳಿದ, ಅದರಲ್ಲಿ ನನಗೆ ಅನುಮಾನವಿಲ್ಲ. ಅದೇ ನುಂಗಲಾಗದ್ದು. ನಾನು ಎಲೆ ಮಡಚಿ ಕೈ ತೊಳೆಯಲು ಎದ್ದೆ. ಶಿಕಾರಿಪುರದ ಬಸ್ಸು ಬರುವವರೆಗೂ ಅವನು ನನ್ನ ಜೊತೆ ನಿಂತು, ಈ ಸಲದ ಭತ್ತದ ವಿಷಯ ಹೇಳುತ್ತಿದ್ದ.